ಮೀಸೆ ಅಂಟಿಸಿಕೊಂಡ ಅತಿಥಿ

“ಈ ಮೀಸೆ ಹೋದ ವಾರ ಯಾರ ಮುಖದ ಮೇಲಿತ್ತು?”

ಇನ್ಸ್‌ಪೆಕ್ಟರಮ್ಮ ಗೋಡೆಯ ಮೊಳೆಯಿಂದ ತೆಗೆದು ಎರಡು ಬೆರಳಲ್ಲಿ ಹಿಡಿದಿದ್ದ ಮೀಸೆಯನ್ನು ಅಂಗಡಿಯ ಮುದುಕರ ಮೂಗಿನ ಹತ್ತಿರಕ್ಕೆ ಒಯ್ದರು.

ಮುದುಕರು ಕಣ್ಣು ಕಿರಿದು ಮಾಡಿ ನೋಡಿದರು. ಕಾಣಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಕೈಯಿಂದ ಮುಟ್ಟಿದರು, ಆಮೇಲೆ ಮೂಸಿದರು.

“ಇದು ‘ದೊಡ್ಡ ಮನುಷ್ಯ’ ಅಲ್ವಾ? ಪಕ್ಕದ ಮೊಳೆಯಲ್ಲಿರೋದು ‘ಮಾವ’. ಅದರಾಚೆಯದು ‘ಖಳ’. ನಾಟಕ ಯಾವತ್ತಮ್ಮಾ? ಪಾತ್ರ ಹೇಳಿ, ಮೀಸೆ ನಾನು ಆರಿಸಿ ಕೊಡ್ತೀನಿ.”

“ನನಗೆ ಮೀಸೆ ಬೇಡ. ಇದರ ತುದಿಗೆ ಟೊಮ್ಯಾಟೊ ಸೂಪು ಮೆತ್ತಿಕೊಂಡು ಒಣಗಿದೆ. ಅದು ಹೇಗೆ ಬಂತು ಅನ್ನೋದು ಬೇಕು.”

ಮುದುಕರ ಕೈ ಗಾಳಿಯಲ್ಲೇ ನಿಂತಿತು.

ಅದು ಬಾಡಿಗೆಗೆ ವೇಷ ಕೊಡುವ ಅಂಗಡಿ. ಗೋಡೆ ತುಂಬ ಕಿರೀಟಗಳು, ಮರದ ಕತ್ತಿಗಳು, ಗಡ್ಡಗಳು. ಮೂಲೆಯಲ್ಲಿ ಬಣ್ಣ ಹೋದ ಸಿಂಹಾಸನ. ಅದರ ಮೇಲೆ ಈಗ ಒಂದು ಬೆಕ್ಕು ಮಲಗಿತ್ತು. ಮುದುಕರು ಒಂದು ಕಾಲದಲ್ಲಿ ನಾಟಕದ ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದವರು. ಬೀದಿಯವರೆಲ್ಲ ಇಂದಿಗೂ ಅವರನ್ನು ರಾಜಾಪಾರ್ಟು ಎಂದೇ ಕರೆಯುತ್ತಾರೆ; ಬೀದಿಯಾಚೆಗೆ ಅವರ ಗುರುತು ಹಿಡಿಯುವವರು ಈಗ ಇಲ್ಲ. ಬೆನ್ನು ಬಾಗಿತ್ತು, ದನಿ ಮಾತ್ರ ಬಾಗಿರಲಿಲ್ಲ.

ಊಟದ ಕ್ಲಬ್ಬಿನ ತಿಂಗಳ ಸಭೆಗೆ ಸೇತುವೆ ಎಂಜಿನಿಯರ್ ಎಂದು ಹೇಳಿಕೊಂಡು ಬಂದು, ಭಾಷಣ ಮಾಡಿ, ಚಪ್ಪಾಳೆ ಗಿಟ್ಟಿಸಿ ಮಾಯವಾದವನನ್ನು ಇನ್ಸ್‌ಪೆಕ್ಟರಮ್ಮ ಅಂದಿನಿಂದ ಹುಡುಕುತ್ತಿದ್ದರು. ದಾರಿ ತೋರಿಸಿದ್ದು ಕ್ಲಬ್ಬಿನ ಅಧ್ಯಕ್ಷರು. ಅವರು ಹಲ್ಲಿನ ಡಾಕ್ಟರು. ಊಟಕ್ಕೆ ಕೂತಾಗಲೂ ಎದುರಿನವರ ಬಾಯಿಯ ಮೇಲೇ ಅವರ ಕಣ್ಣು. “ಆ ಮನುಷ್ಯ ಮೀಸೆ ಒರೆಸಿಕೊಳ್ಳಲಿಲ್ಲ ಕಣಮ್ಮಾ, ಒತ್ತಿಕೊಂಡ. ಪ್ರತಿ ಸಲ ಚಮಚ ಬಾಯಿಗಿಟ್ಟಾಗಲೂ ಒತ್ತಿಕೊಂಡ” ಎಂದು ಅವರು ನೆನಪು ಮಾಡಿಕೊಂಡು ಹೇಳಿದ್ದರು. ಒತ್ತಿಕೊಳ್ಳುವ ಮೀಸೆ ಎಂದರೆ ಅಂಟಿಸಿದ ಮೀಸೆ. ಅಂಟಿಸುವ ಮೀಸೆ ಸಿಗುವ ಅಂಗಡಿ ಆ ಊರಲ್ಲಿ ಇದೊಂದೇ.

“ಕೂತ್ಕೊಳ್ಳಿ ಅಮ್ಮಾ” ಎಂದರು ರಾಜಾಪಾರ್ಟು ಕೊನೆಗೆ. ಬೆಕ್ಕನ್ನು ಎಬ್ಬಿಸಿ ಸಿಂಹಾಸನವನ್ನೇ ತೋರಿಸಿದರು. “ನೀವು ಪೊಲೀಸಾ?”

“ಮೊದಲು ಆಗಿದ್ದೆ. ಈಗ ಜನ ಬಂದು ಕೇಳಿದರೆ ಪತ್ತೆ ಮಾಡಿಕೊಡ್ತೀನಿ. ಈ ಸಲ ಯಾರೂ ಕೇಳಲಿಲ್ಲ, ನಾನೇ ಬಂದೆ. ಆ ಕ್ಲಬ್ಬಿನ ಕಾರ್ಯದರ್ಶಿ ನನ್ನ ಅಕ್ಕ.”

“ನನ್ನ ಕಣ್ಣಿಗೂ ಕೆಂಪಗೆ ಮಸುಕು ಮಸುಕಾಗಿ ಕಾಣೋ ಸೀರೆ ಉಟ್ಟಿದ್ದ ತಾಯಿನಾ? ‘ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ, ಮಾತಾಡೋಕೆ ಶಕ್ತಿ ಬೇಕು’ ಅಂತ ನನಗೆ ಎರಡನೇ ಸಲ ಸೂಪು ಹಾಕಿಸಿದರಲ್ಲ, ಅವರಾ?”

“ಅವರೇ. ಶನಿವಾರ ಅವರು ಆ ಕೆಲಸ ಬಿಡ್ತಿದ್ದಾರೆ. ಬಿಡಿಸ್ತಿದ್ದಾರೆ ಅನ್ನಿ. ಬಂದ ಅತಿಥಿ ಯಾರು ಅಂತಲೇ ಗೊತ್ತಿಲ್ಲದೆ ಮೈಕು ಕೊಟ್ಟವರು ಅಂತ ಊರೆಲ್ಲ ನಗ್ತಿದೆ.”

ರಾಜಾಪಾರ್ಟು ಮೀಸೆ ತೆಗೆದುಕೊಂಡು ಅದರ ಒಣಗಿದ ತುದಿಯನ್ನು ಉಗುರಿನಿಂದ ಕೆರೆದರು.

ತಿಂಗಳಿಗೊಬ್ಬ ಅತಿಥಿಯನ್ನು ಹುಡುಕಿ ತರುವ ಕೆಲಸವನ್ನು ಅಕ್ಕ ಮಾಡಿದಷ್ಟು ಪ್ರೀತಿಯಿಂದ ಇನ್ನೊಬ್ಬರು ಮಾಡಿದ್ದಿಲ್ಲ. ಜೇನು ಸಾಕುವವರನ್ನು ಕರೆಸಿದ್ದರು. ಅವರು ಪೆಟ್ಟಿಗೆಯ ಸಮೇತ ಬಂದು, ಅದರ ಮುಚ್ಚಳ ಸರಿಯಾಗಿ ಹಾಕದೆ, ಆ ತಿಂಗಳ ಸಭೆ ಮೇಜುಗಳ ಕೆಳಗೆ ಮುಗಿದಿತ್ತು. ನಿದ್ದೆಯ ಬಗ್ಗೆ ಮಾತಾಡಲು ಬಂದ ವೈದ್ಯರು ಎಲ್ಲರನ್ನೂ ಮಲಗಿಸಿ ಎದ್ದು ಹೋಗಿದ್ದರು. ಗಡಿಯಾರ ರಿಪೇರಿ ಮಾಡುವವರೊಬ್ಬರು ಹೊತ್ತೇ ನೋಡದೆ ಸಂಜೆಯವರೆಗೆ ಮಾತಾಡಿದ್ದರು. ಹೊಟ್ಟೆ ತುಂಬಿ ಕಣ್ಣು ಜೋಲುತ್ತಿರುವವರ ಮುಂದೆ ನಿಂತು ಮಾತಾಡುವುದು ಎಷ್ಟು ಕಷ್ಟ ಎಂದು ಅಕ್ಕನಿಗೆ ಗೊತ್ತು. ಅದಕ್ಕೇ ಪ್ರತಿ ಅತಿಥಿಯ ಭಾಷಣದಲ್ಲೂ ಮೊದಲು ನಗುವವರು, ಕೊನೆಯವರೆಗೆ ಚಪ್ಪಾಳೆ ತಟ್ಟುವವರು ಅವರೇ.

ಈ ತಿಂಗಳ ಅತಿಥಿಗೆ ಮಾತ್ರ ಯಾರೂ ತೂಕಡಿಸಿರಲಿಲ್ಲ. ನದಿಯ ಮೇಲಿನ ಹಳೆಯ ಸೇತುವೆಯ ಬಗ್ಗೆ ಅವರು ಮಾತಾಡಿದ ರೀತಿಗೆ ಹಿಂದಿನ ಸಾಲಿನವರು ಎದ್ದು ನಿಂತು ಕೇಳಿದ್ದರು. ಕೊನೆಗೆ ಅವರು, “ಸೇತುವೆ ಗಟ್ಟಿಯಾಗಿದೆ, ಧೈರ್ಯವಾಗಿ ಬಸ್ಸು ಬಿಡಿ” ಎಂದಾಗ ಕ್ಲಬ್ಬು ಒಕ್ಕೊರಲಿನಿಂದ ಹೌದೆಂದಿತ್ತು. ಕೆಲವು ತಿಂಗಳಿಂದ ಆ ಸೇತುವೆಯ ಮೇಲೆ ನಡೆದು ಹೋಗುವವರನ್ನು ಮಾತ್ರ ಬಿಡುತ್ತಿದ್ದರು. ಬಸ್ಸು ಬಿಡಬೇಕೋ ಬೇಡವೋ ಎಂದು ತೀರ್ಮಾನ ಮಾಡಬೇಕಾದ ಪುರಸಭೆ ಕ್ಲಬ್ಬಿನ ಮಾತಿಗೇ ಕಿವಿಗೊಟ್ಟು ಕೂತಿತ್ತು.

ಜನ ಕೈ ತೊಳೆದು ಹೊರಗೆ ಬರುವ ಹೊತ್ತಿಗೆ ಸೂಟ್‌ಕೇಸ್ ಹಿಡಿದ ಇನ್ನೊಬ್ಬರು ಬಾಗಿಲಲ್ಲಿ ನಿಂತಿದ್ದರು. ಬೆವರಿದ್ದರು. “ನಾ... ನಾನು ಎಂಜಿನಿಯರ್” ಎಂದಿದ್ದರು. ಸಭೆಯ ಹೊತ್ತು ಬದಲಾಗಿದೆ ಎಂದು ಯಾರೋ ಫೋನ್ ಮಾಡಿದ್ದರಂತೆ. ಸೇತುವೆ ಗಟ್ಟಿಯಿಲ್ಲ, ಬಸ್ಸು ಬಿಟ್ಟರೆ ಕುಸಿಯುತ್ತದೆ ಎಂದು ತೊದಲಿ ತೊದಲಿ ಹೇಳಿದ್ದರು. ಅವತ್ತು ಯಾರೂ ನಂಬಲಿಲ್ಲ. ಗುರುತಿನ ಚೀಟಿ ತೋರಿಸಿದರೆ, “ಚೀಟಿ ಯಾರು ಬೇಕಾದ್ರೂ ಮಾಡಿಸಿಕೊಳ್ತಾರೆ, ಮಾತು ಬರಬೇಕಲ್ಲ” ಎಂದರು ಜನ. ಮೊದಲು ಬಂದವರೇ ನಿಜವಾದವರು, ಇವರೇ ವೇಷಧಾರಿ ಎನ್ನುವವರು ಊರಲ್ಲಿ ಈಗಲೂ ಅರ್ಧಕ್ಕರ್ಧ.

ಅಕ್ಕ ಮಾತ್ರ ಆ ಬೆವರಿದ ಮನುಷ್ಯನನ್ನು ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಂಡಿದ್ದರು.

“ಯಾರು ಕಳಿಸಿದರು ನಿಮ್ಮನ್ನ?” ಇನ್ಸ್‌ಪೆಕ್ಟರಮ್ಮ ಕೇಳಿದರು.

“ಅದು ಹೇಳಲ್ಲ.”

“ಹೆದರಿಸಿದ್ದಾರಾ?”

“ಹೆದರಿಸೋದಾ! ಅಷ್ಟು ಮರ್ಯಾದೆಯಾಗಿ ನನ್ನ ಜೊತೆ ಯಾರೂ ಮಾತಾಡಿ ಎಷ್ಟೋ ವರ್ಷ ಆಯ್ತು.” ರಾಜಾಪಾರ್ಟು ಎದೆ ಮುಟ್ಟಿಕೊಂಡರು. “ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಅಮ್ಮಾ. ರಂಗದ ಮೇಲೆ ಸಾವಿರ ಸಲ ಮಾತು ಕೊಟ್ಟು ಉಳಿಸಿಕೊಂಡವನು. ರಂಗದಿಂದ ಇಳಿದ ಮೇಲೆ ಒಂದೇ ಒಂದು ಸಲ ಕೊಟ್ಟಿದ್ದೀನಿ.”

“ಸೇತುವೆ ಗಟ್ಟಿ ಅಂತ ಸುಳ್ಳು ಹೇಳೋಕೂ ಮಾತು ಕೊಟ್ಟಿದ್ರಾ?”

“ಸುಳ್ಳಾ?” ಮುದುಕರ ದನಿ ಮೊದಲ ಸಲ ಅಲುಗಾಡಿತು. “ಹಾಗೇ ಹೇಳಬೇಕು ಅಂತ ಅಪ್ಪಣೆ ಬಂದಿತ್ತು.”

ಇನ್ಸ್‌ಪೆಕ್ಟರಮ್ಮ ಆ ಮುಖವನ್ನು ದಿಟ್ಟಿಸಿದರು. ಕೆಲಸದಲ್ಲಿದ್ದಾಗ ಸುಳ್ಳು ಹೇಳುವವರನ್ನು ಬೇಕಾದಷ್ಟು ನೋಡಿದ್ದರು. ಇದು ಆ ಮುಖವಲ್ಲ.

“ಸರಿ. ಹೆಸರು ಹೇಳಬೇಡಿ. ನನ್ನ ಜೊತೆ ಬಂದು ಅಕ್ಕನಿಗೆ ಒಂದು ಮಾತು ಹೇಳಿ. ‘ತಪ್ಪು ನಿಮ್ಮದಲ್ಲ, ವೇಷ ಹಾಕಿದ್ದು ನಾನು’ ಅಂತ. ಅಷ್ಟು ಮಾಡ್ತೀರಾ?”

ರಾಜಾಪಾರ್ಟು ಆಗಲೇ ಕೋಟು ಹುಡುಕುತ್ತಿದ್ದರು. ಸಿಕ್ಕಿದ್ದು ಯಾವುದೋ ನಾಟಕದ ಸೇನಾಪತಿಯದು. ಇನ್ಸ್‌ಪೆಕ್ಟರಮ್ಮನೇ ಬದಲಿಸಿ ಕೊಟ್ಟರು.

ಇಬ್ಬರೂ ನದಿಯ ದಂಡೆಯ ದಾರಿಯಲ್ಲಿ ನಡೆದರು. ಬಿಸಿಲು ಇಳಿಯುತ್ತಿತ್ತು. ಸೇತುವೆಯ ಬಾಯಿಗೆ ಅಡ್ಡಲಾಗಿ ಬಣ್ಣ ಬಳಿದ ಪೀಪಾಯಿಗಳು. ಅವುಗಳ ಸಂದಿಯಿಂದ ಜನ ಚೀಲ ಹಿಡಿದು ನುಸುಳುತ್ತಿದ್ದರು. ಆಚೆ ದಡದಲ್ಲಿ ಬಸ್ ಡಿಪೋದ ತಗಡಿನ ಚಾವಣಿ ಹೊಳೆಯುತ್ತಿತ್ತು.

“ಎಲ್ಲರೂ ಸೇತುವೆ ಅಂದ್ರೆ ಮೇಲಿನ ರಸ್ತೆ ನೋಡ್ತಾರೆ” ಎಂದರು ರಾಜಾಪಾರ್ಟು, ನೀರಿನ ಸದ್ದಿನ ಕಡೆಗೆ ಮುಖ ತಿರುಗಿಸಿ. “ನೋಡಬೇಕಾದ್ದು ನೀರಿನೊಳಗಿನ ಪಾದ. ನದಿ ಏನು ಮಾಡುತ್ತೆ ಗೊತ್ತಾ? ಕಂಬದ ಜೊತೆ ಜಗಳಕ್ಕೆ ಹೋಗಲ್ಲ. ಅದರ ಬುಡದ ಮರಳನ್ನ ದಿನಾ ಒಂದು ಹಿಡಿ ಎತ್ತಿಕೊಂಡು ಹೋಗುತ್ತೆ. ಕಂಬಕ್ಕೆ ಗೊತ್ತೇ ಆಗಲ್ಲ.”

“ಇದೆಲ್ಲ ಯಾರು ಹೇಳಿಕೊಟ್ಟಿದ್ದು?”

ಮುದುಕರು ನಕ್ಕು ತಲೆಯಾಡಿಸಿದರು. “ಜಾಣೆ ನೀವು. ಹೇಳಲ್ಲ.”

ಇನ್ಸ್‌ಪೆಕ್ಟರಮ್ಮನ ನಡಿಗೆ ನಿಧಾನವಾಯಿತು. ಬಾಡಿಗೆಗೆ ಬಾಯಿಪಾಠ ಮಾಡಿಸಿದ ಮಾತಲ್ಲ ಇದು. ಇದನ್ನು ಹೇಳಿಕೊಟ್ಟವನು ಸೇತುವೆಗಳ ಜೊತೆ ಬದುಕಿದವನು. ಹಾಗಾದರೆ ಬುಡ ಕೊರೆಯುವ ನದಿಯ ಕಥೆ ಹೇಳಿಕೊಟ್ಟು, ಕೊನೆಗೆ ಬಸ್ಸು ಬಿಡಿ ಎಂದು ಯಾಕೆ ಹೇಳಿಸಿದ?

ಅಕ್ಕನ ಮನೆಯ ಗೇಟು ಸದ್ದಿಲ್ಲದೆ ತೆರೆದುಕೊಂಡಿತು. ಮೊನ್ನೆಯವರೆಗೂ ಅದು ಕಿರುಚುತ್ತಿತ್ತು. ಎಂಜಿನಿಯರ್ ಬಂದಾಗಿನಿಂದ ಒಂದು ಗಳಿಗೆ ಸುಮ್ಮನೆ ಕೂತವರಲ್ಲ. ಸೋರುವ ನಲ್ಲಿ, ಕುಂಟುವ ಮೇಜು, ಮುಚ್ಚಿಕೊಳ್ಳದ ಕಿಟಕಿ, ಎಲ್ಲ ಸರಿ ಮಾಡಿದ್ದರು. “ಇಬ್ಬರಲ್ಲಿ ನಿಜವಾದ ಎಂಜಿನಿಯರ್ ಯಾರು ಅಂತ ಪತ್ತೆಯಾಗೋದು ತಡವಾಗಲಿ ಪುಟ್ಟಿ, ಸ್ನಾನದ ಮನೆಯ ಬಾಗಿಲೊಂದು ಬಾಕಿ ಇದೆ” ಎಂದು ಭಾವ ನಿನ್ನೆ ತಾನೇ ನಗಿಸಿದ್ದರು. ಊರಿಗೆ ಇನ್ಸ್‌ಪೆಕ್ಟರಮ್ಮನಾದರೂ ಆ ಮನೆಯಲ್ಲಿ ಅವರು, ಕೂದಲು ನರೆತ ಮೇಲೂ, ಪುಟ್ಟಿಯೇ. ಅಪ್ಪ ತೀರಿಕೊಂಡಾಗ ಪುಟ್ಟಿಯನ್ನು ಈ ಮನೆಗೆ ಕರೆತಂದು ಓದಿಸಿದವರು ಭಾವ. ಹೆಣ್ಣುಮಗಳಿಗೆ ಪೊಲೀಸ್ ಕೆಲಸ ಯಾಕೆ ಎಂದು ನೆಂಟರೆಲ್ಲ ಮುಖ ತಿರುಗಿಸಿದಾಗ ಪರೀಕ್ಷೆಗೆ ಜೊತೆಯಲ್ಲಿ ಬಂದು, ಹೊರಗೆ ಬಿಸಿಲಲ್ಲಿ ನಿಂತು ಕಾದವರೂ ಅವರೇ.

ಊಟದ ಮೇಜಿನ ಹತ್ತಿರ ಅಕ್ಕ ಬಟ್ಟೆ ಮಡಿಸುತ್ತಿದ್ದರು. ಎಂಜಿನಿಯರ್ ನೆಲದ ಮೇಲೆ ಕೂತು ಸ್ಕ್ರೂಡ್ರೈವರ್ ಹಿಡಿದು ಇಸ್ತ್ರಿ ಪೆಟ್ಟಿಗೆ ಬಿಚ್ಚಿಕೊಂಡಿದ್ದರು.

“ಅಕ್ಕಾ, ಸಿಕ್ಕಿದರು.”

ರಾಜಾಪಾರ್ಟು ಮುಂದೆ ಬಂದು, ಸೊಂಟ ಬಗ್ಗಿಸಿ, ಗಂಭೀರವಾಗಿ ಕೈಮುಗಿದರು. “ತಾಯೀ, ನಿಮ್ಮ ಅನ್ನ ಉಂಡು ನಿಮ್ಮ ಹೆಸರಿಗೆ ಮಸಿ ಬಳಿದ ಪಾಪಿ ನಾನು. ಕ್ಷಮಿಸಬೇಕು.”

ಅವರು ಕೈಮುಗಿದಿದ್ದು ಫ್ರಿಜ್ಜಿಗೆ.

ಅಕ್ಕನಿಗೆ ಕೋಪ ನೆತ್ತಿಗೇರಿತ್ತು. ಆದರೂ ಎದ್ದು ಬಂದು, ಮುದುಕರ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು, ಆಮೇಲೆ ಬೈಯಲು ಶುರು ಮಾಡಿದರು.

“ನಾಚಿಕೆ ಆಗಲ್ವೇನ್ರೀ ನಿಮಗೆ? ಆ ಸೇತುವೆ ಮೇಲೆ ಬಸ್ಸು ಹೋದರೆ ಎಷ್ಟು ಜನ ಇರ್ತಾರೆ ಅದರಲ್ಲಿ? ನನ್ನ ಹೆಸರು ಹಾಳಾಗಿ ಹೋಗಲಿ. ಈ ವಯಸ್ಸಲ್ಲಿ ನನಗೆ ಇನ್ನೇನು ಪಟ್ಟ ಕಟ್ಟಬೇಕು? ನಿಮ್ಮ ಮಾತು ಕೇಳಿ ನಾನೇ ಮೊದಲು ಚಪ್ಪಾಳೆ ತಟ್ಟಿದೆ. ನಾನು! ಯಾರು ಹೇಳಿಸಿದ್ದು ನಿಮ್ಮ ಬಾಯಲ್ಲಿ ಅದನ್ನ?”

ರಾಜಾಪಾರ್ಟು ತಲೆ ತಗ್ಗಿಸಿದರು. “ಹೇಳೋ ಹಾಗಿಲ್ಲ ತಾಯಿ. ಎಷ್ಟು ಬೇಕಾದ್ರೂ ಬೈಯಿರಿ. ಪೊಲೀಸಿಗೆ ಕೊಡ್ತೀರಾ, ಕೊಡಿ.”

“ಕೊಡ್ತೀನಿ. ಪುಟ್ಟಿ, ಫೋನ್ ಮಾಡು ಸ್ಟೇಷನ್ನಿಗೆ.”

ನೆಲದ ಮೇಲೆ ಸ್ಕ್ರೂಡ್ರೈವರ್ ಬಿದ್ದ ಸದ್ದಾಯಿತು.

ಎಂಜಿನಿಯರ್ ಎದ್ದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. “ಬೇ... ಬೇಡ. ನಾ...” ಎಂದರು. ಮೂವರೂ ಅವರ ಕಡೆ ತಿರುಗಿದರು. ತಿರುಗಿದ್ದೇ ತಡ, ನಾಲಿಗೆ ಕಟ್ಟಿಹೋಯಿತು. ಕತ್ತಿನ ನರ ಉಬ್ಬಿತು. ತುಟಿ ಅಲುಗಿತು, ಮಾತಿಲ್ಲ.

ಅವರು ಸರ್ರನೆ ತಿರುಗಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಕ್ಕ ಬಾಯಿ ಬಿಟ್ಟುಕೊಂಡು ನೋಡಿದರು. ಒಳಗಿನಿಂದ, ಬಾಗಿಲ ಹಿಂದಿನಿಂದ, ದನಿ ಬಂತು. ಒಂದಕ್ಷರವೂ ತಡವರಿಸದ ತಿಳಿಯಾದ ದನಿ.

“ಅವರನ್ನ ಏನೂ ಅನ್ನಬೇಡಿ. ಅವರನ್ನ ಕಳಿಸಿದ್ದು ನಾನು.”

ರಾಜಾಪಾರ್ಟು ಉಸಿರು ಬಿಟ್ಟರು, ಹೊತ್ತ ಮೂಟೆ ಇಳಿಸಿದವರ ಹಾಗೆ.

“ಚಿಕ್ಕಂದಿನಿಂದ ಹೀಗೇ. ಒಬ್ಬರ ಜೊತೆ ಮಾತಾಡ್ತೀನಿ. ಫೋನಲ್ಲಿ ಎಷ್ಟು ಬೇಕಾದ್ರೂ ಮಾತಾಡ್ತೀನಿ. ಮೂರು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ಮುಗೀತು. ಸೇತುವೆ ಕಟ್ಟೋದಕ್ಕೆ ಭಾಷಣ ಬೇಕಿರಲಿಲ್ಲ, ಹೇಗೋ ಬದುಕಿದೆ. ಆಮೇಲೆ ನೀವು ಫೋನ್ ಮಾಡಿದ್ರಿ ಅಮ್ಮಾ. ‘ನಮ್ಮ ಸೇತುವೆ ನಿಮ್ಮ ಬಾಯಿಂದಲೇ ತನ್ನ ಕಥೆ ಕೇಳಬೇಕು’ ಅಂದ್ರಿ. ಅಷ್ಟು ಪ್ರೀತಿಯಿಂದ ಕರೆದರೆ ಹೇಗೆ ಇಲ್ಲ ಅನ್ನಲಿ? ಅದೂ ಅಲ್ಲದೆ ನನಗೆ ಹೇಳೋದಿತ್ತು. ಬೇಸಿಗೆಯಲ್ಲಿ ದೋಣಿಯಲ್ಲಿ ಹೋಗಿ ನೋಡಿದ್ದೆ. ನಡುವಿನ ಕಂಬದ ಬುಡ ಟೊಳ್ಳಾಗಿದೆ. ಜನ ನಡೆದರೆ ತಡೆಯುತ್ತೆ. ಬಸ್ಸು ತಡೆಯಲ್ಲ.”

“ಅದಕ್ಕೆ ಇವರನ್ನ ಹುಡುಕಿದ್ರಾ?” ಇನ್ಸ್‌ಪೆಕ್ಟರಮ್ಮ ಬಾಗಿಲಿಗೆ ಕೇಳಿದರು.

“ಹುಡುಕೋದೇನು, ಮರೆತೇ ಇರಲಿಲ್ಲ. ಕಾಲೇಜಿನಲ್ಲಿದ್ದಾಗ ಇವರ ನಾಟಕ ನೋಡಿದ್ದೆ. ಕೊನೆಯ ಸಾಲಿಗೂ ಕೇಳೋ ದನಿ. ನನ್ನ ಮಾತು ಒಂದೇ ಒಂದು ಸಲ ಆ ದನಿಯಲ್ಲಿ ಹೊರಗೆ ಬರಲಿ ಅಂತ ಆಸೆ ಆಯ್ತು. ದಿನಾ ಸಂಜೆ ಫೋನಲ್ಲಿ ಹೇಳಿಕೊಟ್ಟೆ.”

“ಎಷ್ಟು ಚೆನ್ನಾಗಿ ಹೇಳಿಕೊಡ್ತಿದ್ರು ತಾಯಿ!” ರಾಜಾಪಾರ್ಟು ತಡೆಯಲಾಗದೆ ನುಡಿದರು. “ನನಗೆ ಓದೋಕೆ ಆಗಲ್ಲ ಅಂತ ಸಾಲು ಸಾಲಾಗಿ ಹೇಳೋರು. ಫೋನ್ ಇಟ್ಟ ಮೇಲೆ ನಾನೂ ಬೆಕ್ಕೂ ಸೇತುವೆ ವಿಷಯವೇ ಮಾತಾಡ್ತಾ ಕೂತಿರ್ತಿದ್ವಿ. ಮೀಸೆ ಮಾತ್ರ ನನ್ನದೇ ಯೋಚನೆ. ಇಷ್ಟು ದೊಡ್ಡ ಎಂಜಿನಿಯರಿಗೆ ಮೀಸೆ ಇರದೆ ಇರುತ್ತಾ ಅನ್ನಿಸ್ತು.”

ಬಾಗಿಲ ಹಿಂದೆ ಸಣ್ಣದಾಗಿ ನಗು ಕೇಳಿ, ಅಲ್ಲೇ ನಿಂತಿತು.

“ಸಭೆ ಮುಗಿಯೋ ಹೊತ್ತಿಗೆ ಇವರನ್ನ ಕಂಡು ಕೈ ಕುಲುಕಿ ಹೋಗೋಣ ಅಂತ ಬಂದೆ. ಹೊರಗೆ ಬರ್ತಿದ್ದವರೆಲ್ಲ ‘ಸೇತುವೆ ಗಟ್ಟಿಯಂತೆ, ಬಸ್ಸು ಬಿಡ್ತಾರಂತೆ’ ಅಂತಿದ್ರು. ತಲೆ ತಿರುಗಿಹೋಯ್ತು. ನಾನೇ ಅಸಲಿ ಅಂದೆ. ಇವರನ್ನ ಕಳಿಸಿದ್ದು ನಾನೇ ಅನ್ನೋಕೆ ಮಾತ್ರ ಧೈರ್ಯ ಬರಲಿಲ್ಲ, ಫೋನ್ ಬಂದಿತ್ತು ಅಂತ ಸುಳ್ಳು ಹೇಳಿಬಿಟ್ಟೆ. ಆಮೇಲೆ ನೀವು ನನಗೆ ಹಾಸಿಗೆ ಹಾಸಿ ಕೊಟ್ರಿ. ಊರು ನಿಮ್ಮನ್ನ ಆಡಿಕೊಳ್ತಾ ಇದ್ರೂ ನನಗೆ ಬಿಸಿ ಬಿಸಿ ಕಾಫಿ ತಂದು ಕೊಟ್ರಿ. ಬೆಳಗ್ಗೆ ಎದ್ದರೆ ಮುಖ ಎತ್ತೋಕೆ ಆಗ್ತಿರಲಿಲ್ಲ. ಅದಕ್ಕೇ ನಲ್ಲಿ ಬಿಚ್ಚಿಕೊಂಡು ಕೂರ್ತಿದ್ದೆ.”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. ಬಾಗಿಲ ಹತ್ತಿರ ಹೋಗಿ ನಿಂತರು.

“ಇಷ್ಟಕ್ಕೆ ಇಷ್ಟೆಲ್ಲ ಮಾಡಬೇಕಿತ್ತಾ? ಫೋನಲ್ಲೇ ನನಗೊಂದು ಮಾತು ಹೇಳಿದ್ದರೆ ಪರದೆ ಹಾಕಿಸಿ, ಹಿಂದೆ ಕೂರಿಸಿ ಮಾತಾಡಿಸ್ತಿದ್ದೆ. ಎಂಥೆಂಥ ಅತಿಥಿಗಳನ್ನ ಸುಧಾರಿಸಿದ್ದೀನಿ ನಾನು! ಜೇನಿನವರು ಬಂದಾಗ ಮೇಜಿನ ಕೆಳಗೆ ಕೂತು ವಂದನಾರ್ಪಣೆ ಮಾಡಿದವಳು.” ದನಿ ಮೆತ್ತಗಾಯಿತು. “ಹೊರಗೆ ಬನ್ನಿ. ನಾವೆಲ್ಲ ಗೋಡೆ ಕಡೆ ಮುಖ ಮಾಡ್ತೀವಿ.”

ಅವರು ನಿಜವಾಗಿಯೂ ಗೋಡೆಯ ಕಡೆ ತಿರುಗಿ ನಿಂತರು. ಇನ್ಸ್‌ಪೆಕ್ಟರಮ್ಮನೂ ತಿರುಗಬೇಕಾಯಿತು. ಬಾಗಿಲು ಮೆಲ್ಲಗೆ ತೆರೆಯಿತು.

“ಒಂದು ಮಾತು ಕೇಳಬೇಕು ಇವರನ್ನ” ಎಂದರು ಎಂಜಿನಿಯರ್, ಹಿಂದಿನಿಂದ. “ನಾನು ಹೇಳಿಕೊಟ್ಟಿದ್ದು ‘ಬಸ್ಸು ಬಿಡಬೇಡಿ’ ಅಂತ. ಯಾಕೆ ಬದಲಾಯಿಸಿದ್ರಿ?”

ರಾಜಾಪಾರ್ಟು ಚಕಿತರಾದರು. “ನೀವೇ ಹೇಳಿ ಕಳಿಸಿದ್ರಲ್ಲ ಸ್ವಾಮೀ!”

“ನಾನಾ?”

“ನೀವೇ! ಊಟಕ್ಕೆ ಮುಂಚೆ, ವೇದಿಕೆ ಹಿಂದಿನ ಸಣ್ಣ ಕೋಣೆಯಲ್ಲಿ ಮೀಸೆ ಒತ್ತಿಕೊಳ್ತಾ, ಎಂಜಿನಿಯರ್ ಸಾಹೇಬರು ಹೀಗೆ ಹೇಳಿಕೊಟ್ಟರು, ಹಾಗೆ ಹೇಳಿಕೊಟ್ಟರು ಅಂತ ಸಾಲುಗಳನ್ನ ಗಟ್ಟಿಯಾಗಿ ಒಪ್ಪಿಸಿಕೊಳ್ತಾ ಇದ್ದೆ. ಒಬ್ಬರು ಬಂದರು. ‘ಎಂಜಿನಿಯರ್ ಸಾಹೇಬರು ಫೋನ್ ಮಾಡಿದ್ರು, ಮತ್ತೆ ಲೆಕ್ಕ ಹಾಕಿ ನೋಡಿದ್ರಂತೆ, ಸೇತುವೆ ಗಟ್ಟಿಯಾಗೇ ಇದೆಯಂತೆ. ಕೊನೆಯ ಮಾತು ತಿರುಗಿಸಿ ಹೇಳಬೇಕಂತೆ’ ಅಂದ್ರು. ಮನಸ್ಸಿಗೆ ಒಪ್ಪಲಿಲ್ಲ. ಆದರೆ ನಾಟಕ ಬರೆದವರು ಸಾಲು ಬದಲಿಸಿದರೆ ನಟ ಹೇಳಬೇಕು.”

“ನಾ... ನಾನು ಯಾರನ್ನೂ ಕಳಿಸಲಿಲ್ಲ.”

ಅಕ್ಕ ಗೋಡೆ ಬಿಟ್ಟು ತಿರುಗಿದರು. ಇನ್ಸ್‌ಪೆಕ್ಟರಮ್ಮ ಆಗಲೇ ತಿರುಗಿದ್ದರು.

ಹುಡುಕಬೇಕಾದವನು ಈ ಮುದುಕನಲ್ಲ. ಬಂದ ಅತಿಥಿ ವೇಷಧಾರಿ ಎಂದು ಮೊದಲೇ ಗೊತ್ತಿದ್ದವನು ಒಬ್ಬನಿದ್ದಾನೆ. ಅಸಲಿ ಎಂಜಿನಿಯರಿಗೆ ಯಾರೂ ಹಾಗೆ ಬಂದು ಸಾಲು ಬದಲಿಸಿ ಎನ್ನಲಾರರು. ಬಾಗಿಲಾಚೆ ನಿಂತು ಮುದುಕರ ಅಭ್ಯಾಸ ಕೇಳಿಸಿಕೊಂಡಿರಬೇಕು. ಮತ್ತೆ, ಊಟಕ್ಕೆ ಮುಂಚೆ ಆ ಕೋಣೆಯೊಳಗೆ ಹೋಗುವಷ್ಟು ಸಲಿಗೆ ಇದ್ದವರು ಕ್ಲಬ್ಬಿನವರು, ಅವರ ಮನೆಯವರು ಮಾತ್ರ.

“ಯಾರದು? ನೋಡೋಕೆ ಹೇಗಿದ್ದರು?”

“ಈ ಕಣ್ಣಿಗೆ ಏನು ಕಾಣುತ್ತೆ ಅಮ್ಮಾ? ಎತ್ತರದ ಒಂದು ನೆರಳು. ಒಳ್ಳೆಯವರೇ. ಹೋಗೋ ಮುಂಚೆ ನನ್ನ ಕಾಲರ್ ಸರಿ ಮಾಡಿ, ‘ಹೆದರಬೇಡಿ ಯಜಮಾನ್ರೇ, ಚೆನ್ನಾಗಾಗುತ್ತೆ’ ಅಂತ ಬೆನ್ನು ತಟ್ಟಿದರು. ಕೂಗಿ ಕೂಗಿ ಒರಟಾದ ದನಿ. ಆದರೆ ಒಳಗೆ ಮೆತ್ತಗೆ. ಕೇಳಿದರೆ ಗುರುತು ಹಿಡೀತೀನಿ.”

“ಹಾಗಾದ್ರೆ ಆಯ್ತು” ಎಂದರು ಅಕ್ಕ. ಎಷ್ಟೋ ದಿನದ ಮೇಲೆ ಅವರ ಮುಖಕ್ಕೆ ಕಳೆ ಬಂದಿತ್ತು. “ಪುರಸಭೆ ಸೇರೋದು ಸೋಮವಾರ. ಅಷ್ಟರೊಳಗೆ ಕ್ಲಬ್ಬಿನವರನ್ನ ಒಬ್ಬೊಬ್ಬರಾಗಿ ಇವರ ಮುಂದೆ ಮಾತಾಡಿಸೋಣ. ಆ ಮನುಷ್ಯ ನನ್ನ ಕೈಗೆ ಸಿಗಲಿ ಪುಟ್ಟಿ. ಬೈಯೋದಿಲ್ಲ, ಹೊಡೆಯೋದಿಲ್ಲ. ಆ ಸೇತುವೆ ಕೆಳಗೆ ದೋಣಿಯಲ್ಲಿ ಕೂರಿಸಿ, ಮೇಲೆ ಬಸ್ಸು ಬಿಡಿಸ್ತೀನಿ.”

ಎಲ್ಲರೂ ನಕ್ಕರು. ಎಂಜಿನಿಯರ್ ಕೂಡ. ಅಕ್ಕ ಕಾಫಿಗೆ ನೀರಿಟ್ಟು ಬಂದು, ರಾಜಾಪಾರ್ಟಿನವರನ್ನು ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಮುದುಕರು ಮೇಜಿನ ಮೇಲೆ ತಡಕಾಡಿ ಎಂಜಿನಿಯರ್ ಕೈ ಹುಡುಕಿ ಹಿಡಿದುಕೊಂಡರು. ಫೋನಿನಲ್ಲಿ ಅಷ್ಟು ಸಂಜೆ ಒಟ್ಟಿಗೆ ಕಳೆದ ಇಬ್ಬರು ಮೊದಲ ಸಲ ಒಂದೇ ಮೇಜಿಗೆ ಕೂತಿದ್ದರು.

ಬಾಗಿಲಲ್ಲಿ ಬೂಟು ಬಿಚ್ಚುವ ಸದ್ದಾಯಿತು.

“ಯಾರಿದ್ದೀರೇ ಮನೇಲಿ? ಎಲ್ಲ ಬಿಟ್ಟು ಬನ್ನಿ ಇಲ್ಲಿ. ಸುದ್ದಿ ತಂದಿದ್ದೀನಿ!”

ಭಾವ. ಡ್ರೈವರ್ ಆಗಿ ಸೇರಿ ಡಿಪೋ ಮ್ಯಾನೇಜರ್ ಆದವರು. ಬಸ್ಸುಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ಮನೆಯೊಳಗೂ ಕೂಗಿಯೇ ಮಾತಾಡುತ್ತಿದ್ದರು. ಆರಡಿಯ ಆಳು ತಲೆ ಬಗ್ಗಿಸಿ ಒಳಗೆ ಬಂದರು.

“ಪುರಸಭೆಯವರು ಸೋಮವಾರದ ತನಕ ಕಾಯಲಿಲ್ಲ. ಮಧ್ಯಾಹ್ನವೇ ಸೇರಿ ಹೂಂ ಅಂದುಬಿಟ್ರು. ನಾಳೆ ಬೆಳಗ್ಗೆ ಸೇತುವೆ ಮೇಲೆ ಮೊದಲನೇ ಬಸ್ಸು! ಡಿಪೋ ಮುಚ್ಚುತ್ತೆ ಅಂತ ನನ್ನ ಹುಡುಗರು ಎಷ್ಟು ತಿಂಗಳಿಂದ ಕಂಗಾಲಾಗಿದ್ರು ಗೊತ್ತಾ? ಈಗ ಕುಣೀತಿದ್ದಾರೆ. ಎಲ್ಲರೂ ಹೆಂಡತಿ ಮಕ್ಕಳ ಜೊತೆ ಹತ್ತುತ್ತಾರೆ. ಸ್ಟಿಯರಿಂಗ್ ನಾನೇ ಹಿಡಿಯೋದು. ಎಷ್ಟು ವರ್ಷ ನಾನೇ ಬಸ್ಸು ಓಡಿಸಿದ ಸೇತುವೆ, ಅದಕ್ಕೇನಾಗುತ್ತೆ!” ಅಕ್ಕನ ಕಡೆ ತಿರುಗಿ ನಕ್ಕರು. “ಮುಂದಿನ ಸೀಟು ನಿನಗೆ ಕಣೇ. ಆ ಕೆಂಪು ಸೀರೆ ಉಟ್ಕೋ.”

ಆಮೇಲೆ ಅವರ ಕಣ್ಣು ಮೇಜಿನ ಹತ್ತಿರ ಕೂತಿದ್ದ ಮುದುಕರ ಮೇಲೆ ಬಿತ್ತು. ನಗು ಹಾಗೇ ಇತ್ತು. ಕಣ್ಣು ಮಾತ್ರ ನಗುವುದನ್ನು ನಿಲ್ಲಿಸಿತು.

ಇನ್ಸ್‌ಪೆಕ್ಟರಮ್ಮನ ಮಣಿಕಟ್ಟನ್ನು ರಾಜಾಪಾರ್ಟು ಬಿಗಿಯಾಗಿ ಹಿಡಿದಿದ್ದರು. ಅವರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು.

“ಅಮ್ಮಾ, ಇದೇ ದನಿ.”

ಜೀವಮಾನವೆಲ್ಲ ರಂಗದ ಮೇಲೆ ಪಿಸುಗುಟ್ಟಿದ ಮನುಷ್ಯ. ಆ ಪಿಸುಮಾತು ಕೋಣೆಯ ನಾಲ್ಕು ಮೂಲೆಗೂ ಕೇಳಿಸಿತು.

ಅಡುಗೆಮನೆಯಲ್ಲಿ ನೀರು ಕುದಿದು ಉಕ್ಕುತ್ತಿತ್ತು. ಅಕ್ಕ ಆ ಕಡೆ ಹೋಗಲಿಲ್ಲ. ಗಂಡನ ಮುಖ ನೋಡಿದರು, ತಂಗಿಯ ಮುಖ ನೋಡಿದರು.

“ಯಾವ ದನಿ, ಪುಟ್ಟಿ?”